ವೆಲ್ಡಿಂಗ್ ದುಡ್ಡು

ಹೋದ ಚೌತಿಗೆ ಊರಿಗೆ ಬೈಕಲ್ಲೇ ಹೋಗಿದ್ದೆ. ಬಸ್ಸಿನ ಟಿಕೆಟ್ಟು ಸಿಗಲಿಲ್ಲ ಅನ್ನೋದು ಮನೆಯವರಿಗೆ ಹೇಳಿದ ಕಾರಣ. ನಿಜವಾದ ಕಾರಣ ಬೈಕು ಇಟ್ಟುಕೊಂಡವರಿಗೆಲ್ಲ ಗೊತ್ತು. ತುಮಕೂರು ದಾಟಿ ಅರಸೀಕೆರೆ ಕಡೆ ತಿರುಗಿದ ಮೇಲೆ ಬರೋ ಗಾಳಿಗೆ ಟಿಕೆಟ್ಟು ಯಾಕೆ ಬೇಕು?

ಶಿವಮೊಗ್ಗದವರೆಗೆ ಎಲ್ಲಾ ಚೆನ್ನಾಗಿತ್ತು. ಸಾಗರ ದಾಟಿ ನಮ್ಮೂರ ರಸ್ತೆಗೆ ಇಳಿದ ಮೇಲೆ ಹಿಂದಿನ ಕ್ಯಾರಿಯರ್ ಲಟ ಲಟ ಅನ್ನೋಕೆ ಶುರುವಾಯ್ತು. ಮನೆ ಮುಟ್ಟಿ ನೋಡಿದರೆ ಕ್ಯಾರಿಯರ್ ಕೂತಿರೋ ಕಬ್ಬಿಣದ ಪಟ್ಟಿ ಚಾಸಿಗೆ ಸೇರೋ ಜಾಗದಲ್ಲೇ ಬಿರುಕು ಬಿಟ್ಟಿತ್ತು. ಹತ್ತು ನಿಮಿಷದ ವೆಲ್ಡಿಂಗ್ ಕೆಲಸ. ಮಾರನೇ ದಿನ ಬೆಳಿಗ್ಗೆ ದೋಸೆ ತಿಂದು ಮೇಸ್ತ್ರಿ ಹತ್ರ ಹೋದೆ.

ಮೇಸ್ತ್ರಿ ಅಂದರೆ ನಮ್ಮೂರಿಗೆ ಅವರೊಬ್ಬರೇ. ಅವರ ಹೆಸರಿನಿಂದ ಯಾರೂ ಕರೆಯೋದಿಲ್ಲ, ಅವರ ಹೆಂಡತಿಯೂ ಸೇರಿ. ಅಪ್ಪನ ಹಳೇ ಬೈಕಿನಿಂದ ಹಿಡಿದು ಊರಿನ ಎಲ್ಲಾ ಬೈಕು, ಟಿಲ್ಲರ್, ಅಡಿಕೆ ತೋಟದ ಪಂಪ್‌ಸೆಟ್ಟು ಅವರ ಕೈಯಲ್ಲಿ ದಾಟಿ ಬಂದಿವೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಬೇಸಿಗೆ ರಜೆಯಿಡೀ ಅವರ ಅಂಗಡಿಯಲ್ಲಿ ಕೂತು ಸೀಮೆಎಣ್ಣೆಯಲ್ಲಿ ಚೈನು ತೊಳೆದಿದ್ದೇನೆ. ಕಾರ್ಬೊರೇಟರಿನ ಗಾಳಿ ಸ್ಕ್ರೂವನ್ನು ಕಣ್ಣು ಮುಚ್ಚಿ, ಕಿವಿ ಇಂಜಿನ್ನಿನ ಕಡೆ ವಾಲಿಸಿ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಅವರು ಸದ್ದು ಹುಡುಕೋದನ್ನ ನೋಡೋದೇ ಆಗ ನನಗೆ ಸಿನಿಮಾ. ಒಂದು ಜಾಗದಲ್ಲಿ ಗಾಡಿ ಒಂದೇ ಸಮ ಉಸಿರಾಡೋಕೆ ಶುರು ಮಾಡೋದು. ಮೇಸ್ತ್ರಿ ಕಣ್ಣು ಬಿಟ್ಟು, "ಹಾಂ, ಇದು" ಅನ್ನೋರು.

ಅವರ ಅಂಗಡಿ ಪಕ್ಕದಲ್ಲೇ ಅವರದ್ದೇ ವೆಲ್ಡಿಂಗ್ ಯಂತ್ರ. ಬಿರುಕು ನೋಡಿದವರೇ, "ಇದೆಂತ ದೊಡ್ಡ ವಿಷ್ಯ, ನಿಲ್ಸು ಅಲ್ಲಿ" ಅಂದರು. ಅರ್ತಿಂಗ್ ಕ್ಲಾಂಪನ್ನ ಮುಂದೆ ಕ್ರ್ಯಾಶ್ ಗಾರ್ಡಿಗೆ ಕಚ್ಚಿಸಿದರು. ಹಿಂದೆ ಕೂತು ರಾಡು ಮುಟ್ಟಿಸಿದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಈ ಬರಹ ಬರೀತಾ ಇರೋದೇ ಅದಕ್ಕೆ ಅನ್ನಿ. ನನಗೆ ಗೊತ್ತಿತ್ತು. ಗಾಡಿ ಕೊಂಡಾಗ ಅದರ ಜೊತೆ ಬಂದ ಪುಸ್ತಕವನ್ನ ಪೂರ್ತಿ ಓದೋ ವಿಚಿತ್ರ ಜಾತಿಯವನು ನಾನು. ವೆಲ್ಡಿಂಗ್ ಮಾಡೋ ಮೊದಲು ಬ್ಯಾಟರಿ ಬಿಚ್ಚಿ, ಇಸಿಯು ಕನೆಕ್ಟರ್ ಕೂಡ ತೆಗೆದಿಡಬೇಕು ಅಂತ ಎಲ್ಲೋ ಓದಿದ್ದು ತಲೆಯಲ್ಲಿತ್ತು. ಮೇಸ್ತ್ರಿ ರಾಡು ಹೋಲ್ಡರಿಗೆ ಸಿಕ್ಕಿಸುವಾಗ ಅದು ನೆನಪಿಗೂ ಬಂತು. ಬಾಯಿವರೆಗೂ ಬಂತು. ನನಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದ ಮನುಷ್ಯನಿಗೆ, ಅವರ ಅಂಗಡಿಯಲ್ಲಿ, ಅಲ್ಲಿ ಕೂತಿದ್ದ ಇನ್ನಿಬ್ಬರ ಎದುರಿಗೆ, "ಮೇಸ್ತ್ರಿ, ಬ್ಯಾಟರಿ ಬಿಚ್ಚಲ್ವಾ?" ಅಂತ ಕೇಳೋದು ಹೇಗೆ? ಮೂವತ್ತು ವರ್ಷದಿಂದ ಬಿಚ್ಚದೇ ಮಾಡಿದ್ದಾರೆ, ಏನೂ ಆಗಿಲ್ಲ, ಈಗಲೂ ಆಗಲ್ಲ ಅಂದುಕೊಂಡು ಕಿಡಿ ಕಣ್ಣಿಗೆ ಬೀಳದ ಹಾಗೆ ಆ ಕಡೆ ತಿರುಗಿ ನಿಂತೆ.

ಪಟ್ಟಿ ಗಟ್ಟಿಯಾಗಿ ಕೂತಿತು. ಕೀ ತಿರುಗಿಸಿದೆ. ಹೆಡ್‌ಲೈಟು ಬಂತು, ಹಾರ್ನ್ ಬಂತು. ಆದರೆ ಕೀ ಆನ್ ಮಾಡಿದ ತಕ್ಷಣ ಟ್ಯಾಂಕಿನ ಒಳಗಿಂದ ಎರಡು ಸೆಕೆಂಡು ಜುಂಯ್ ಅಂತ ಬರಬೇಕಾದ ಪೆಟ್ರೋಲ್ ಪಂಪಿನ ಸದ್ದು ಇಲ್ಲ. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಒಮ್ಮೆ ಹತ್ತಿ ಆರಬೇಕು, ಅದೂ ಹತ್ತಲಿಲ್ಲ. ಆ ದೀಪ ಹತ್ತಿಕೊಂಡೇ ಇದ್ದರೆ ಗಾಡಿಗೆ ಕಾಯಿಲೆ. ಹತ್ತಲೇ ಇಲ್ಲ ಅಂದರೆ ಕಾಯಿಲೆ ಹೇಳಬೇಕಾದವನೇ ಇಲ್ಲ.

ಮೇಸ್ತ್ರಿ ಮೊದಲು ಫ್ಯೂಸ್ ನೋಡಿದರು. ಸರಿಯಿತ್ತು. ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ ಸೆಲ್ಫ್ ಒತ್ತಿಸಿದರು. ಕಿಡಿ ಇಲ್ಲ. ಪೆಟ್ರೋಲ್ ಪೈಪ್ ಬಿಚ್ಚಿದರು. ಒಂದು ಹನಿ ಇಲ್ಲ. ಮತ್ತೆ ಫ್ಯೂಸ್ ನೋಡಿದರು. ಅಂಗಡಿಯಲ್ಲಿ ಕೂತಿದ್ದವರು ಎದ್ದು ಬಂದು ಸುತ್ತ ನಿಂತು ಸಲಹೆ ಕೊಡೋಕೆ ಶುರು ಮಾಡಿದರು. ಮಧ್ಯಾಹ್ನದವರೆಗೆ ಮೇಸ್ತ್ರಿ ಒಂದೊಂದೇ ವಯರು ಹಿಡಿದು ಟೆಸ್ಟ್ ಲ್ಯಾಂಪ್ ಇಟ್ಟು ಹುಡುಕಿದರು. ಸೀಟಿನ ಕೆಳಗಿದ್ದ ಕಪ್ಪು ಡಬ್ಬಿಯ ಹತ್ತಿರ ಬಂದಾಗಲೆಲ್ಲ ಕೈ ಅದನ್ನ ಬಳಸಿಕೊಂಡು ಮುಂದೆ ಹೋಗ್ತಿತ್ತು. ಕೊನೆಗೆ ಬನಿಯನ್ನಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಎಂತ ಆಯ್ತು ಮಾರಾಯ ಇದಕ್ಕೆ?" ಅಂತ ನನ್ನನ್ನೇ ಕೇಳಿದರು. ಅವರು ನನ್ನನ್ನ ಏನಾದರೂ ಕೇಳಿದ್ದು ಅದೇ ಮೊದಲು.

ಆ ಕಪ್ಪು ಡಬ್ಬಿಯೇ ಇಸಿಯು. ಸಾಬೂನು ಪೆಟ್ಟಿಗೆಯಷ್ಟಿರುತ್ತೆ. ಹಿಂದೆ ಕಾರ್ಬೊರೇಟರ್ ಮಾಡ್ತಿದ್ದ ಕೆಲಸ ಈಗ ಇದರದ್ದು. ಕ್ರ್ಯಾಂಕು ಈಗ ಎಲ್ಲಿದೆ, ಎಷ್ಟು ವೇಗದಲ್ಲಿ ತಿರುಗ್ತಿದೆ, ಆಕ್ಸಿಲರೇಟರ್ ಎಷ್ಟು ತೆರೆದಿದೆ, ಒಳಗೆ ಬರೋ ಗಾಳಿಯ ಒತ್ತಡ ಎಷ್ಟು, ಇಂಜಿನ್ ಎಷ್ಟು ಬಿಸಿಯಾಗಿದೆ, ಸೈಲೆನ್ಸರಿನ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಒಂದೊಂದು ಸೆನ್ಸರ್ ಇದಕ್ಕೆ ವರದಿ ಒಪ್ಪಿಸ್ತಾ ಇರುತ್ತೆ. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಅನ್ನೋದು ಪೂರ್ತಿ ಉರಿಯೋ ಲೆಕ್ಕ. ಆ ಲೆಕ್ಕದ ಆಸುಪಾಸಿನಲ್ಲಿ ಎಷ್ಟು ಹೊತ್ತು ಇಂಜೆಕ್ಟರ್ ಬಾಯಿ ತೆರೀಬೇಕು, ಯಾವ ಗಳಿಗೆಯಲ್ಲಿ ಪ್ಲಗ್ ಕಿಡಿ ಹಾರಿಸಬೇಕು ಅಂತ ಡಬ್ಬಿಯೊಳಗಿನ ಕೋಷ್ಟಕ ನೋಡಿ ಹೇಳುತ್ತೆ. ಇಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸಲ ಈ ತೀರ್ಮಾನ. ಮೇಸ್ತ್ರಿ ಕಣ್ಣು ಮುಚ್ಚಿ ಒಂದು ಸಲ ಹುಡುಕಿ ಇಡ್ತಿದ್ದ ಜಾಗವನ್ನ ಇದು ಕ್ಷಣಕ್ಷಣಕ್ಕೂ ಹುಡುಕ್ತಾ ಇರುತ್ತೆ.

2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಹೊಸ ಪೆಟ್ರೋಲ್ ಬೈಕುಗಳಿಂದ ಕಾರ್ಬೊರೇಟರ್ ಹೆಚ್ಚುಕಮ್ಮಿ ಮಾಯವೇ ಆಯ್ತು. ಹೊಗೆ ಕಮ್ಮಿಯಾಯ್ತು, ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯೋ ಕಷ್ಟ ತಪ್ಪಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ನಮ್ಮೂರ ಮೇಸ್ತ್ರಿಗೆ ಮಾತ್ರ ಇದು ಬೀಗ ಹಾಕಿದ ಕೋಣೆ.

ವೆಲ್ಡಿಂಗಿನಲ್ಲಿ ನೂರರ ಹತ್ತಿರ ಆಂಪಿಯರ್ ಕರೆಂಟು ಹರಿಯುತ್ತೆ. ರಾಡಿನಿಂದ ಇಳಿದದ್ದು ಅರ್ತಿಂಗ್ ಕ್ಲಾಂಪಿಗೆ ವಾಪಸ್ ಹೋಗಬೇಕು. ಕ್ಲಾಂಪ್ ಬಿರುಕಿನ ಪಕ್ಕದಲ್ಲೇ ಇದ್ದರೆ ಹತ್ತಿರದ ದಾರಿಯಲ್ಲಿ ಹೋಗಿಬಿಡುತ್ತೆ. ಹಿಂದೆ ರಾಡು, ಮುಂದೆ ಕ್ಲಾಂಪು ಆದರೆ ಇಡೀ ಗಾಡಿಯೇ ದಾರಿ. ಚಾಸಿನ ಜೊತೆಗೆ ಅದಕ್ಕೆ ಅಂಟಿಕೊಂಡ ವಯರುಗಳಲ್ಲೂ ಒಂದು ಪಾಲು ನುಗ್ಗುತ್ತೆ. 12 ವೋಲ್ಟಿಗೆ ಅಂತ ಮಾಡಿದ, ಒಳಗೆ 5 ವೋಲ್ಟಿನಲ್ಲಿ ಬದುಕೋ ಡಬ್ಬಿಗೆ ಅದರಲ್ಲಿ ಸಣ್ಣ ಪಾಲು ಸಾಕು.

ಗಾಡಿಯನ್ನ ಪಿಕಪ್ಪಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋದೆ. ಶೋರೂಮಿನ ಹುಡುಗ ಸ್ಕ್ಯಾನರ್ ಸಿಕ್ಕಿಸಿದ. ಪರದೆಯಲ್ಲಿ ಇಸಿಯು ಮಾತಾಡ್ತಾ ಇಲ್ಲ ಅಂತ ಬಂತು. ಅವನು ಗಾಡಿಯ ಹಿಂದೆ ಬಂದು ಹೊಸ ವೆಲ್ಡಿಂಗಿನ ಕಲೆ ನೋಡಿದ. "ಎಲ್ಲಿ ಮಾಡ್ಸಿದ್ದು ಅಣ್ಣ?" ಅಂದ. ಊರ ಹೆಸರು ಹೇಳಿದೆ. "ಓ, ಮೇಸ್ತ್ರಿ ಹತ್ರವಾ? ನಾನೂ ಎರಡು ವರ್ಷ ಅಲ್ಲೇ ಕಲ್ತದ್ದು" ಅಂದ. ಮತ್ತೇನೂ ಹೇಳಲಿಲ್ಲ, ಆ ಕಲೆ ಮೇಲೆ ಬೆರಳಾಡಿಸಿ ಎದ್ದ.

ಹೊಸ ಇಸಿಯು 26 ಸಾವಿರ. ಅದರ ಜೊತೆ ಲಾಕ್‌ಸೆಟ್ಟೂ ತಗೋಬೇಕು, ಅದು ಬೇರೆ 5 ಸಾವಿರ. ಬರೋಕೆ ಐದಾರು ವಾರ. ಗಾಡಿಗೆ ಮೂರು ವರ್ಷ ಆಗಿತ್ತು, ವಾರಂಟಿ ಮುಗಿದಿತ್ತು. ಇದ್ದಿದ್ದರೂ ಆ ವೆಲ್ಡಿಂಗ್ ಕಲೆ ನೋಡಿದ ಮೇಲೆ ಯಾರು ಕೊಡ್ತಾರೆ?

ಆ ರಾತ್ರಿ ಮೇಸ್ತ್ರಿ ಫೋನು. "ಎಂತ ಅಂದ್ರು?"

"ಮಳೆ ನೀರು ಒಳಗೆ ಹೋಗಿತ್ತಂತೆ ಮೇಸ್ತ್ರಿ. ದಾರೀಲಿ ಮಳೆ ಸಿಕ್ಕಿತ್ತಲ್ಲ."

"ಖರ್ಚು ಎಷ್ಟು?"

"ವಾರಂಟಿ ಇದೆ."

ಒಂದೇ ಉಸಿರಿಗೆ ಎರಡು ಸುಳ್ಳು. ಅವರಿಗೆ ನೋವಾಗಬಾರದು ಅಂತ ಹೇಳಿದೆ ಅಂತ ಆಗ ನಂಬಿದ್ದೆ. ಈಗ ಯೋಚನೆ ಮಾಡಿದರೆ ಅಷ್ಟೇ ಅಲ್ಲ. ನಿಜ ಹೇಳಿದರೆ, "ನಿಂಗೆ ಗೊತ್ತಿತ್ತಾ?" ಅಂತ ಅವರು ಕೇಳಿದರೆ ಏನು ಹೇಳೋದು ಅನ್ನೋ ಹೆದರಿಕೆ ಅದರ ಕೆಳಗೆ ಕೂತಿತ್ತು.

ಟ್ಯಾಂಕ್ ಖಾಲಿ ಮಾಡಿ, ಗೋಣಿಚೀಲ ಸುತ್ತಿಸಿ ಗಾಡಿಯನ್ನ ರೈಲಿನ ಪಾರ್ಸೆಲ್ಲಿನಲ್ಲಿ ಬೆಂಗಳೂರಿಗೆ ಸಾಗಿಸಿದೆ. 31 ಸಾವಿರ ಕೊಡೋ ಮನಸ್ಸಿರಲಿಲ್ಲ. ಮೊದಲು ಸಿಕ್ಕಿದ್ದು ಒಂದು ಗುಜರಿ ಅಂಗಡಿ. ಅದೇ ಮಾಡೆಲ್ಲಿನ ಇಸಿಯು 3 ಸಾವಿರಕ್ಕೆ ಕೊಡ್ತೀನಿ ಅಂದ. ತಂದು ಸಿಕ್ಕಿಸಿ ನೋಡಿ, ಆಗದಿದ್ದರೆ ಸಂಜೆ ಒಳಗೆ ವಾಪಸ್ ಕೊಡಿ ಅಂದ. ಸಿಕ್ಕಿಸಿದೆ. ಕೀ ತಿರುಗಿಸಿದೆ. ಜುಂಯ್! ಮೂರು ವಾರದ ಮೇಲೆ ಆ ಸದ್ದು ಕೇಳಿ ಪಾರ್ಕಿಂಗಿನಲ್ಲಿ ಒಬ್ಬನೇ ನಕ್ಕೆ. ಹಳದಿ ದೀಪವೂ ಬಂತು. ಜೊತೆಗೆ ಕೀ ಚಿತ್ರದ ಇನ್ನೊಂದು ಕೆಂಪು ದೀಪ ಪಕಪಕ ಮಿಣುಕೋಕೆ ಶುರುವಾಯ್ತು. ಸೆಲ್ಫ್ ಒತ್ತಿದರೆ ಇಂಜಿನ್ ತಿರುಗುತ್ತೆ, ಹತ್ತಲ್ಲ.

ಇದೇ ಇಮ್ಮೊಬಿಲೈಸರ್. ನನ್ನ ಗಾಡಿಯ ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ ಇದೆ. ಅದಕ್ಕೆ ಬ್ಯಾಟರಿ ಬೇಡ. ಕೀ ಹಾಕೋ ತೂತಿನ ಸುತ್ತ ತಂತಿ ಸುರುಳಿ ಇದೆ. ಆ ಸುರುಳಿಯಿಂದಲೇ ಚಿಪ್ಪಿಗೆ ಶಕ್ತಿ ಹೋಗುತ್ತೆ, ಚಿಪ್ಪು ತನ್ನ ಗುರುತು ಹೇಳುತ್ತೆ. ಇಸಿಯು ತನ್ನ ನೆನಪಿನಲ್ಲಿರೋ ಗುರುತಿನ ಜೊತೆ ಅದನ್ನ ತಾಳೆ ನೋಡುತ್ತೆ. ಸರಿಹೋದರೆ ಕಿಡಿ, ಪೆಟ್ರೋಲು. ಇಲ್ಲದಿದ್ದರೆ ನೀವು ಯಾರೋ ಏನೋ. ನಾನು ತಂದ ಡಬ್ಬಿಗೆ ಇನ್ನೊಬ್ಬರ ಕೀ ಗೊತ್ತು, ನನ್ನದು ಗೊತ್ತಿಲ್ಲ.

ಆ ಇನ್ನೊಬ್ಬರು ಯಾರು? ಆ ಯೋಚನೆ ಬಂದ ಮೇಲೆ ತಲೆ ಬಿಸಿಯಾಯ್ತು. ಗುಜರಿಯವನ ಹತ್ರ ಬಿಲ್ಲು ಕೇಳಿದ್ದಕ್ಕೆ, "ಬಿಲ್ ಎಲ್ಲಾ ಕೇಳಿದ್ರೆ ಶೋರೂಮಿಗೇ ಹೋಗಿ ಸಾರ್" ಅಂದಿದ್ದ. ಕಳ್ಳತನ ತಡೀಬೇಕು ಅಂತ ಇಟ್ಟ ಬೀಗ ಇದು. ಯಾರದ್ದೋ ಕಳುವಾದ ಬೈಕಿನ ತಲೆ ನನ್ನ ಸೀಟಿನ ಕೆಳಗೆ ಕೂರೋದು ನನಗೆ ಬೇಡ ಅನ್ನಿಸಿ ಸಂಜೆಯೇ ವಾಪಸ್ ಕೊಟ್ಟೆ. ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದ ಮೇಲೆ ಅಪಘಾತದ ಗಾಡಿಗಳನ್ನ ವಿಮೆಯವರಿಂದ ಹರಾಜಿನಲ್ಲಿ ಕೊಂಡು ಬಿಚ್ಚಿ ಮಾರುವವರೊಬ್ಬರು ಸಿಕ್ಕಿದರು. ಹರಾಜಿನ ಕಾಗದ, ಚಾಸಿ ನಂಬರು ಎಲ್ಲಾ ತೋರಿಸಿದರು. 5,500. ಡಬ್ಬಿಯ ಮೇಲಿನ ಪಾರ್ಟ್ ನಂಬರು ಕೊನೆಯ ಅಕ್ಷರದವರೆಗೂ ನನ್ನದಕ್ಕೆ ಸರಿಹೊಂದ್ತಿತ್ತು. ಇದು ಮುಖ್ಯ. ನೋಡೋಕೆ ಒಂದೇ ಥರ ಇದ್ದರೂ ವರ್ಷ ಬೇರೆಯಾದರೆ ಒಳಗಿನ ಕೋಷ್ಟಕ ಬೇರೆಯಾಗಿರಬಹುದು, ಎಷ್ಟೋ ಸಲ ಪಿನ್ನುಗಳೂ. ಆ ಅಪಘಾತದ ಗಾಡಿ ಓಡಿಸ್ತಿದ್ದವರಿಗೆ ಏನಾಯ್ತು ಅಂತ ಕೇಳೋಣ ಅಂದುಕೊಂಡೆ. ಕೇಳಲಿಲ್ಲ.

ಎಸ್.ಪಿ. ರಸ್ತೆ ಹತ್ತಿರದ ಓಣಿಯಲ್ಲಿ, ಮೊದಲ ಮಹಡಿಯ ಸಣ್ಣ ಕೋಣೆಯಲ್ಲಿ ಕಾರಿನ ಇಸಿಯು ರಿಪೇರಿ ಮಾಡೋ ಹುಡುಗನ ವಿಳಾಸ ಅವರೇ ಕೊಟ್ಟರು. ಮೆಟ್ಟಿಲು ಹತ್ತಿ ಎರಡೂ ಡಬ್ಬಿ ಟೇಬಲ್ಲಿನ ಮೇಲಿಟ್ಟೆ. ಅವನು ಡಬ್ಬಿ ಮುಟ್ಟಲಿಲ್ಲ.

"ಆರ್‌ಸಿ ತೋರ್ಸಿ ಸಾರ್. ಗಾಡಿಯ ಎರಡೂ ಕೀ ತಂದಿದೀರಾ?"

ತೋರಿಸಿದೆ. ಆರ್‌ಸಿಯ ಹೆಸರು, ನನ್ನ ಆಧಾರಿನ ಹೆಸರು ತಾಳೆ ನೋಡಿದ. ಜೆ.ಸಿ. ರಸ್ತೆಯವರು ಕೊಟ್ಟ ಕಾಗದದ ಫೋಟೋ ತೆಗೆದುಕೊಂಡ. "ಎರಡು ಕೀ ಇಲ್ದೇ ಬಂದೋರಿಗೆ ನಾನು ಮಾಡಲ್ಲ" ಅಂದ. ಆ ಹುಡುಗನ ಮೇಲೆ ಆಗಲೇ ಅರ್ಧ ನಂಬಿಕೆ ಬಂತು.

ಆಮೇಲೆ ಸತ್ತ ಡಬ್ಬಿ ಎತ್ತಿಕೊಂಡ. ಬಿಸಿ ಗಾಳಿ ಬಿಟ್ಟು ಅಂಚಿನ ಅಂಟು ಮೆತ್ತಗೆ ಮಾಡಿ, ತೆಳ್ಳನೆ ಬ್ಲೇಡ್ ಆಡಿಸಿ ಮುಚ್ಚಳ ಬಿಡಿಸಿದ. ಬೋರ್ಡನ್ನ ದೀಪದ ಕೆಳಗೆ ಹಿಡಿದ. ಅರ್ತಿಂಗ್ ಪಿನ್ನಿನ ಹತ್ತಿರ ತಾಮ್ರದ ಗೆರೆಯೊಂದು ಕರಕಲಾಗಿತ್ತು.

"ವೆಲ್ಡಿಂಗ್ ಮಾಡ್ಸಿದ್ರಾ ಸಾರ್?"

ಹೂಂ ಅಂದೆ. ಇವನಿಗೆ ಸುಳ್ಳು ಹೇಳೋ ಅಗತ್ಯ ಇರಲಿಲ್ಲ.

"ಪವರ್ ಸೆಕ್ಷನ್ನು, ಪ್ರೊಸೆಸರ್ರು ಎರಡೂ ಹೋಗಿದೆ. ಆದ್ರೆ ಮೆಮೊರಿ ಬದುಕಿರಬಹುದು, ನೋಡೋಣ."

ಎಂಟು ಕಾಲಿನ, ಸಣ್ಣ ಜೀರುಂಡೆಯಂಥ ಚಿಪ್ಪೊಂದನ್ನ ತೋರಿಸಿದ. ನನ್ನ ಗಾಡಿಯಲ್ಲಿ ಕೀಯ ಗುರುತು ಇರೋದು ಅದರಲ್ಲಿ. ಅದರ ಮೇಲೆ ಬಟ್ಟೆ ಕ್ಲಿಪ್ಪಿನಂಥದ್ದೊಂದು ಕಚ್ಚಿಸಿ, ಅದರ ವಯರನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಪರದೆ ತುಂಬಾ ಎರಡೆರಡು ಅಂಕಿ–ಅಕ್ಷರಗಳ ಸಾಲು. ಬಹಳಷ್ಟು ಕಡೆ ಬರೀ ಎಫ್‌ಎಫ್ ಎಫ್‌ಎಫ್, ಅಂದರೆ ಖಾಲಿ. ನಡುವೆ ಅಲ್ಲಲ್ಲಿ ಏನೋ ಬರೆದದ್ದು. "ಇದು ನಿಮ್ಮ ಮೊದ್ಲನೇ ಕೀ, ಇದು ಎರಡ್ನೇದು" ಅಂತ ಪೆನ್ನಿನ ತುದಿಯಲ್ಲಿ ತೋರಿಸಿದ. ಒಂದಲ್ಲ, ಮೂರು ಸಲ ಓದಿದ. ಮೂರೂ ಒಂದೇ ಇದೆಯಾ ಅಂತ ಹೋಲಿಸಿ ನೋಡಿ ಜೋಪಾನವಾಗಿಟ್ಟ. ಒಂದು ಸಲ ಓದಿದ್ದನ್ನ ನಂಬಿ ಬರೆಯೋಕೆ ಹೋಗಿ ಎರಡೂ ಡಬ್ಬಿ ಕಳೆದುಕೊಂಡ ಕಥೆ ತನ್ನ ಹತ್ರ ಇದೆ ಅಂದ. ಆಮೇಲೆ ಜೆ.ಸಿ. ರಸ್ತೆಯ ಡಬ್ಬಿ ತೆರೆದ. ಅದರಲ್ಲಿದ್ದದ್ದನ್ನೂ ಮೊದಲು ಓದಿ ಇಟ್ಟುಕೊಂಡ. ಆ ಮೇಲೆ ನನ್ನ ಕೀಗಳ ಗುರುತನ್ನ, ನನ್ನ ಚಾಸಿ ನಂಬರನ್ನ ಅದಕ್ಕೆ ಬರೆದ. ಹೊಸ ಅಂಟು ಹಾಕಿ ಮುಚ್ಚಿದ. ಬೀಗ ಒಡೆಯೋದು ಅಂತ ನಾನು ಅಂದುಕೊಂಡಿದ್ದು ನೋಡಿದರೆ ಹಳೇ ಲೆಕ್ಕದ ಪುಸ್ತಕದಿಂದ ಹೊಸದಕ್ಕೆ ಬಾಕಿ ತೆಗೆದು ಬರೆಯೋ ಥರದ ಕೆಲಸ. ಮುಕ್ಕಾಲು ಗಂಟೆ, 3 ಸಾವಿರ.

ದುಡ್ಡು ಕೊಡುವಾಗ, "ಸಾರ್, ಹೆಂಗೂ ತೆಗ್ದಿದೀವಿ. ಮ್ಯಾಪು ಚೇಂಜ್ ಮಾಡಿ, ಆಕ್ಸಿಜನ್ ಸೆನ್ಸರ್ ಆಫ್ ಮಾಡಿಬಿಡ್ಲಾ? ಪಿಕಪ್ ಸೂಪರ್ ಆಗುತ್ತೆ" ಅಂದ. ಬೇಡಪ್ಪ ಅಂದೆ. ನನ್ನದೇ ಡಬ್ಬಿಗೆ ನನ್ನದೇ ಕೀ ಕಲಿಸೋದು ಬೇರೆ, ಹೊಗೆಯ ಲೆಕ್ಕ ಸುಳ್ಳು ಮಾಡೋದು ಬೇರೆ. ಕಾರ್ಖಾನೆಯಲ್ಲಿದ್ದ ಹಾಗೆ ಇಲ್ಲದಂತೆ ಗಾಡಿ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯೂ ಇದೆ. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲರನ್ನೂ ಕೇಳ್ತಾನೆ ಅನ್ನಿಸುತ್ತೆ.

ಮೆಟ್ಟಿಲಿಳಿಯುವಾಗ ಮೇಸ್ತ್ರಿಯ ಟೆಸ್ಟ್ ಲ್ಯಾಂಪು ನೆನಪಾಯ್ತು. ಬಿಡಿಭಾಗ ಮತ್ತು ಸ್ಕ್ಯಾನರ್‌ಗಳನ್ನ ಹೊರಗಿನ ಗ್ಯಾರೇಜಿನವರಿಗೆ ಸಿಗದ ಹಾಗೆ ಮಾಡಿದ್ದಕ್ಕೆ 2014ರಲ್ಲೇ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ರಿಪೇರಿ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು. ಮೋಟಾರು ವಾಹನಗಳೂ ಅದರ ಪಟ್ಟಿಯಲ್ಲಿವೆ. ಎಲ್ಲಾ ಒಳ್ಳೆಯದೇ. ನಮ್ಮೂರ ಘಾಟಿ ಹತ್ತಿ ಅದು ಯಾವಾಗ ಬರುತ್ತೋ ನೋಡಬೇಕು. ಪುಸ್ತಕದಲ್ಲಿದ್ದ ಒಂದು ಸಾಲನ್ನ ಬಾಯಿಬಿಟ್ಟು ಹೇಳೋಕೆ ಯಾವ ಸಮಿತಿಯೂ ಬೇಕಾಗಿರಲಿಲ್ಲ ಅಂತಲೂ ಅನ್ನಿಸಿತು.

ಅಂದು ಸಂಜೆ ಡಬ್ಬಿ ಸಿಕ್ಕಿಸಿದೆ. ಜುಂಯ್. ಹಳದಿ ದೀಪ ಹತ್ತಿ ಆರಿತು. ಕೀ ದೀಪ ಹತ್ತಿ ಆರಿತು. ಸೆಲ್ಫ್ ಒತ್ತಿದೆ. ಒಂದೇ ಸಲಕ್ಕೆ ಹತ್ತಿತು. ಮೊದಲ ಐದು ನಿಮಿಷ ಐಡ್ಲಿಂಗು ಮೇಲೆ ಕೆಳಗೆ ಆಗ್ತಿತ್ತು, ಆಮೇಲೆ ಕೂತುಕೊಂಡಿತು.

ದೀಪಾವಳಿಗೆ ಮತ್ತೆ ಬೈಕಲ್ಲೇ ಊರಿಗೆ. ಇದರ ನಡುವೆ ಮೇಸ್ತ್ರಿ ಐದಾರು ಸಲ ಫೋನ್ ಮಾಡಿದ್ದರು. ಪ್ರತಿ ಸಲವೂ, "ಖರ್ಚು ನಿಜವಾಗ್ಲೂ ಎಂತ ಬರ್ಲಿಲ್ವಾ?" ಪ್ರತಿ ಸಲವೂ ನನ್ನದು ವಾರಂಟಿ ಪುರಾಣ. ಹಬ್ಬದ ಮಾರನೇ ದಿನ ಕ್ಯಾರಿಯರಿನ ಇನ್ನೊಂದು ಬದಿಯ ಪಟ್ಟಿಗೂ ಒಂದು ಟಾಕಿ ಹಾಕಿಸೋಣ ಅಂತ ಅಂಗಡಿಗೆ ಹೋದೆ. ಟಾಕಿ ಬೇಕೇ ಬೇಕು ಅಂತೇನೂ ಇರಲಿಲ್ಲ. ಬೇರೆ ಕಡೆ ಹೋದರೆ ಅವರಿಗೆ ಗೊತ್ತಾಗುತ್ತೆ, ಹೋಗದೇ ಇದ್ದರೂ ಗೊತ್ತಾಗುತ್ತೆ.

ಮೇಸ್ತ್ರಿ ಗಾಡಿ ಸ್ಟಾರ್ಟ್ ಮಾಡಿಸಿ ಸ್ವಲ್ಪ ಹೊತ್ತು ಕೇಳಿದರು. ಕಣ್ಣು ಮುಚ್ಚಿರಲಿಲ್ಲ. ಆಫ್ ಮಾಡು ಅಂದರು. ಸ್ಕ್ರೂಡ್ರೈವರ್ ತಗೊಂಡು ಸೀಟು ಬಿಚ್ಚಿದರು. ಬ್ಯಾಟರಿಯ ಮೈನಸ್ ವಯರು ಬಿಚ್ಚಿ, ಅದರ ತುದಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಮಡಚಿಟ್ಟರು. ಆಮೇಲೆ ಪ್ಲಸ್ಸು. ಆಮೇಲೆ ಕಪ್ಪು ಡಬ್ಬಿಯ ಕನೆಕ್ಟರಿನ ಚಿಲಕ ಹೆಬ್ಬೆರಳಿನಲ್ಲಿ ಒತ್ತಿ ಸಲೀಸಾಗಿ ಎಳೆದು, ಡಬ್ಬಿಯನ್ನ ನನ್ನ ಕೈಗೆ ಕೊಟ್ಟರು.

"ಹಿಡ್ಕೋ."

ಹಿಡಿದುಕೊಂಡೆ. ಅರ್ತಿಂಗ್ ಕ್ಲಾಂಪನ್ನ ಪಟ್ಟಿಯ ಪಕ್ಕದಲ್ಲೇ, ನಾಲ್ಕು ಬೆರಳಿನ ಅಂತರದಲ್ಲಿ ಕಚ್ಚಿಸಿದರು. ವೆಲ್ಡಿಂಗ್ ಯಂತ್ರದ ಮೇಲಿನ ಗೋಡೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿದ್ದದ್ದು ಆಗ ಕಣ್ಣಿಗೆ ಬಿತ್ತು. ‘ಹೊಸ ಗಾಡಿ: ಬ್ಯಾಟರಿ, ಕಂಪ್ಯೂಟರ್ ಬಿಚ್ಚಿ.’ ಅಕ್ಷರ ಅವರದ್ದಲ್ಲ, ಶಿವಮೊಗ್ಗದ ಹುಡುಗನದ್ದಿರಬೇಕು. ಹಬ್ಬಕ್ಕೆ ಅವನೂ ಊರಿಗೆ ಬಂದಿದ್ದ.

"ಮೇಸ್ತ್ರಿ..." ಅಂದೆ.

"ಕಣ್ಣು ಆ ಕಡೆ ಮಾಡು, ಕಿಡಿ ಹಾರ್ತದೆ."

ಎರಡು ನಿಮಿಷದ ಕೆಲಸ. ಎಲ್ಲಾ ವಾಪಸ್ ಜೋಡಿಸಿ, ಸೀಟು ಹಾಕಿ, ಕೀ ತಿರುಗಿಸಿ ಪಂಪಿನ ಸದ್ದು ಬಂತಾ ಅಂತ ಕೇಳಿಸಿಕೊಂಡರು. ಪರ್ಸು ತೆಗೆದು, "ಎಷ್ಟಾಯ್ತು?" ಅಂದೆ.

"ನೂರೈವತ್ತು." ಕೈ ಒರೆಸಿಕೊಂಡರು. "ಚೌತಿ ಟೈಮಲ್ಲಿ ಮಾಡಿದ್ದರ ದುಡ್ಡೂ ಕೊಟ್ಟಿಲ್ಲ ನೀನು. ಅದೊಂದು ನೂರೈವತ್ತು."

ಮುನ್ನೂರು ಎಣಿಸಿ ಕೊಟ್ಟೆ. ಅವರು ಇನ್ನೊಮ್ಮೆ ಎಣಿಸಿ ಜೇಬಿಗಿಟ್ಟುಕೊಂಡು, ಟೀ ಹೇಳೋಕೆ ಹೋದರು.